ಹೊಸ ಬೆಂಕಿ ಕಲಿಸಿದ ಪಾಠ



ಪಾಸ್ಖ ಜಾಗರಣೆಯ ರಾತ್ರಿ ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಅಂಗಳದಲ್ಲಿ ಸೌದೆ ಒಟ್ಟಿ ಹೊಸ ಬೆಂಕಿ ಹೊತ್ತಿಸಿ, ಅದನ್ನು ಆಶೀರ್ವದಿಸಿ, ಅದರಿಂದ ಪಾಸ್ಖ ಮೇಣದ ಬತ್ತಿಯನ್ನು ಬೆಳಗಿಸಿಕೊಂಡು ಒಳಗೆ ಹೋಗುತ್ತೇವೆ. ವರ್ಷಕ್ಕೊಮ್ಮೆ ಬರುವ ಆ ರಾತ್ರಿಗಾಗಿ ಚಿಕ್ಕ ಮಕ್ಕಳು ಕೂಡ ನಿದ್ದೆಗೆಟ್ಟು ಕಾಯುತ್ತಾರೆ. ಕೆಲವು ವರ್ಷಗಳ ಹಿಂದೆ ಅಂಥದ್ದೇ ಒಂದು ರಾತ್ರಿ ನಮ್ಮ ಅವಸರದಿಂದಾಗಿ ಒಬ್ಬ ಹುಡುಗನ ಕೈ ಸುಟ್ಟಿತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಮೇಲು. ನಿಮ್ಮಲ್ಲಿ ಒಬ್ಬರ ಮನೆಗಾದರೂ ಅದರಿಂದ ಉಪಕಾರವಾದೀತು.

ಆಗ ನಾವು ತಾಳವಾಡಿ ಸೀಮೆಯ ಒಂದು ಧರ್ಮಕೇಂದ್ರಕ್ಕೆ ಹೊಸದಾಗಿ ಬಂದಿದ್ದೆವು. ಪವಿತ್ರ ಶನಿವಾರದ ಮಧ್ಯಾಹ್ನ ದಿಢೀರನೆ ಮಳೆ ಸುರಿದು ಒಟ್ಟಿದ್ದ ಸೌದೆಯೆಲ್ಲ ತೊಯ್ದುಹೋಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಜನ ಸೇರಿದರು. ಕಡ್ಡಿ ಗೀರಿ ಗೀರಿ ಅರ್ಧ ಪೊಟ್ಟಣ ಖಾಲಿಯಾದರೂ ಹೊಗೆ ಬಂತೇ ಹೊರತು ಉರಿ ಏಳಲಿಲ್ಲ. ಯುವಕನೊಬ್ಬ ತನ್ನ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ಹಿಡಿದು ತಂದ. ಬೇಡ ಎನ್ನಬೇಕಾಗಿದ್ದ ನಾವೇ, “ಸ್ವಲ್ಪ ಹಾಕಪ್ಪ, ಹೊತ್ತಾಯಿತು” ಎಂದುಬಿಟ್ಟೆವು.

ಅವನು ಸುರಿದ. ಇನ್ನೂ ಯಾರೂ ಕಡ್ಡಿ ಗೀರಿರಲಿಲ್ಲ. ಪೂಜಾಪುಸ್ತಕಕ್ಕೆ ಬೆಳಕು ಹಿಡಿಯಲೆಂದು ಪೀಠಸೇವಕ ಹುಡುಗನೊಬ್ಬ ಉರಿಯುವ ಮೇಣದ ಬತ್ತಿಯೊಂದಿಗೆ ನಾಲ್ಕು ಅಡಿ ಆಚೆ ನಿಂತಿದ್ದ. ನೋಡನೋಡುತ್ತಿದ್ದಂತೆ ಅವನ ಕೈಯಿಂದಲೇ ಬೆಂಕಿ ಹೊರಟಂತೆ ಗಾಳಿಯಲ್ಲಿ ಭಗ್ಗನೆ ಒಂದು ಉರಿ ಎದ್ದು, ನೆಲದ ಮೇಲೆ ಓಡಿ ಸೌದೆಯನ್ನು ಮುಟ್ಟಿತು. ಹುಡುಗನ ಬಿಳಿ ಅಂಗಿಯ ತೋಳು ಹತ್ತಿಕೊಂಡಿತು. ಅವನು ಹೆದರಿ ಓಡತೊಡಗಿದ. ಓಡಿದಷ್ಟೂ ಉರಿ ಜೋರಾಯಿತು. ನಾವೆಲ್ಲ ಕೂಗುತ್ತಾ ನಿಂತಿರುವಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ತಾವು ಹೊದ್ದಿದ್ದ ಕಂಬಳಿಯನ್ನು ಅವನ ಮೇಲೆ ಎಸೆದು, ನೆಲಕ್ಕೆ ಕೆಡವಿ, ಬಿಗಿಯಾಗಿ ಸುತ್ತಿ ಹಿಡಿದರು. ಉರಿ ಆರಿತು. ಹುಡುಗನ ಜೀವ ಉಳಿಯಿತು. ಬಲಗೈ ಮೇಲಿನ ಕಲೆ ಮಾತ್ರ ಇಂದಿಗೂ ಇದೆ.

ಮರುದಿನ ಆಸ್ಪತ್ರೆಗೆ ಹೋದಾಗ ಆ ಹುಡುಗ ನಮ್ಮನ್ನು ಕೇಳಿದ: “ಫಾದರ್, ಸೌದೆಗೆ ಕಡ್ಡಿ ಮುಟ್ಟಿಸಿದರೂ ಹತ್ತಲಿಲ್ಲ. ಪೆಟ್ರೋಲಿಗೆ ಮುಟ್ಟಿಸುವ ಮೊದಲೇ ಹತ್ತಿಬಿಟ್ಟಿತು. ಯಾಕೆ?” ನಾವು ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವರು. ಬೆಂಕಿಯ ಶಾಸ್ತ್ರವನ್ನು ಹೈಸ್ಕೂಲಿನ ಪುಸ್ತಕದಲ್ಲೇ ಬಿಟ್ಟು ಬಂದಿದ್ದೆವು. ಅಂದು ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಒಲೆಗೆ ಮೂರು ಕಲ್ಲು

ಮೂರು ಕಲ್ಲಿಟ್ಟು ಒಲೆ ಹೂಡುವುದು ನಮ್ಮ ತಾಯಂದಿರಿಗೆ ಗೊತ್ತು. ಒಂದು ಕಲ್ಲು ಸರಿದರೆ ಮಡಕೆ ಉರುಳುತ್ತದೆ. ಬೆಂಕಿಗೂ ಹೀಗೆಯೇ ಮೂರು ಬೇಕು. ಉರಿಯಲು ಒಂದು ವಸ್ತು, ಅಂದರೆ ಇಂಧನ. ಅದನ್ನು ಹೊತ್ತಿಸುವಷ್ಟು ಕಾವು. ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಈ ಮೂರೂ ಒಂದೆಡೆ ಸೇರಿದಾಗ ಬೆಂಕಿ ಹುಟ್ಟುತ್ತದೆ, ಒಂದನ್ನು ತೆಗೆದರೆ ಆರುತ್ತದೆ. ನೀರು ಕಾವನ್ನು ಕಸಿಯುತ್ತದೆ. ಅಜ್ಜಿಯ ಕಂಬಳಿ ಗಾಳಿಯನ್ನು ತಡೆಯಿತು. ಒಲೆಯಿಂದ ಕೊಳ್ಳಿಯನ್ನು ಹಿಂದಕ್ಕೆ ಎಳೆದರೆ ಇಂಧನ ತಪ್ಪುತ್ತದೆ. ಬೆಂಕಿ ಆರಿಸುವ ಉಪಾಯಗಳೆಲ್ಲ ಹೆಚ್ಚುಕಡಿಮೆ ಈ ಮೂರರೊಳಗೇ ಬರುತ್ತವೆ.

ಇಷ್ಟಾದರೂ ಹುಡುಗನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. ಅದಕ್ಕೆ ಮೇಣದ ಬತ್ತಿಯನ್ನು ಕೇಳಬೇಕು.

ಮೇಣದ ಬತ್ತಿಯ ಗುಟ್ಟು

ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿ ಇಂಗ್ಲೆಂಡಿನ ಒಬ್ಬ ಬಡ ಕಮ್ಮಾರನ ಮಗ. ವಿದ್ಯುತ್ತಿನ ವಿಷಯದಲ್ಲಿ ಲೋಕವೇ ಮೆಚ್ಚುವ ಸಂಶೋಧನೆಗಳನ್ನು ಮಾಡಿದವರು. ಅವರು 1860-61ರ ಕ್ರಿಸ್ಮಸ್ ದಿನಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಆರು ಉಪನ್ಯಾಸ ಕೊಟ್ಟರು. ಆರಕ್ಕೂ ವಿಷಯ ಒಂದೇ, ಒಂದು ಮೇಣದ ಬತ್ತಿ. ಅಲ್ಲಿ ಅವರು ತೋರಿಸಿದ ಒಂದು ಪ್ರಯೋಗವನ್ನು ದೊಡ್ಡವರು ಜೊತೆಯಲ್ಲಿದ್ದು ಮಕ್ಕಳಿಗೆ ಮಾಡಿ ತೋರಿಸಬಹುದು. ಚೆನ್ನಾಗಿ ಉರಿಯುತ್ತಿರುವ ಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ ಆ ಹೊಗೆಗೆ ತೋರಿಸಿ. ಉರಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ!

ಉರಿಯುವುದು ಮೇಣದ ಗಟ್ಟಿಯಲ್ಲ, ಮೇಣದ ಆವಿ ಎಂಬುದು ಇದರಿಂದ ಗೊತ್ತಾಗುತ್ತದೆ. ಉರಿಯ ಕಾವಿಗೆ ಮೇಣ ಕರಗುತ್ತದೆ, ಕರಗಿದ್ದನ್ನು ಬತ್ತಿ ಮೇಲಕ್ಕೆ ಹೀರುತ್ತದೆ, ತುದಿಯಲ್ಲಿ ಅದು ಆವಿಯಾಗುತ್ತದೆ, ಆವಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಆ ಉರಿಯೇ ಮತ್ತೆ ಕೆಳಗಿನ ಮೇಣವನ್ನು ಕರಗಿಸುತ್ತದೆ. ಸೌದೆ, ಎಣ್ಣೆ, ಪೆಟ್ರೋಲ್ ಎಲ್ಲದರ ಕಥೆಯೂ ಇದೇ. ನಾವು ಕಣ್ಣಾರೆ ಕಾಣುವ ಜ್ವಾಲೆಯೆಲ್ಲ ಆವಿಯ ಅಥವಾ ಅನಿಲದ ಉರಿ. ಯಾವ ವಸ್ತು ಎಷ್ಟು ಬೇಗ ಆವಿಯಾಗುತ್ತದೆಯೋ ಅಷ್ಟು ಬೇಗ ಅದು ಹೊತ್ತಿಕೊಳ್ಳುತ್ತದೆ.

ಸೌದೆಗೆ ತಡ, ಪೆಟ್ರೋಲಿಗೆ ಅವಸರ

ಈಗ ಹುಡುಗನ ಪ್ರಶ್ನೆಗೆ ಬರೋಣ. ಸೌದೆಯಿಂದ ಉರಿಯುವ ಅನಿಲ ಹೊರಬರಬೇಕಾದರೆ ಅದು ಸುಮಾರು 250ರಿಂದ 300 ಡಿಗ್ರಿಯವರೆಗೆ ಕಾಯಬೇಕು. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಕುದಿದು ಹೋಗುವವರೆಗೆ ಕಾವೆಲ್ಲ ಅದಕ್ಕೇ ಖರ್ಚು. ಸೌದೆ ನೂರು ಡಿಗ್ರಿಯ ಆಸುಪಾಸಿನಲ್ಲೇ ಸುಂಯ್‌ಗುಟ್ಟುತ್ತಾ ಕೂರುತ್ತದೆ. ಒಂದು ಬೆಂಕಿಕಡ್ಡಿಯ ಕಾವು ಇದಕ್ಕೆಲ್ಲಿ ಸಾಲುತ್ತದೆ? ಆದ್ದರಿಂದಲೇ ನಮ್ಮ ಅಜ್ಜಿಯರು ಮೊದಲು ತೆಂಗಿನ ನಾರು, ಒಣ ಪುಳ್ಳೆ ಇಟ್ಟು, ಆಮೇಲೆ ಸೀಳು ಸೌದೆ, ಕೊನೆಗೆ ದಪ್ಪ ಕೊರಡು ಇಡುತ್ತಿದ್ದರು. ತೆಳ್ಳಗಿರುವುದು ಬೇಗ ಕಾಯುತ್ತದೆ, ಅದರ ಸುತ್ತ ಗಾಳಿಯೂ ಆಡುತ್ತದೆ. ಸಣ್ಣದರ ಉರಿ ದೊಡ್ಡದನ್ನು ಕಾಯಿಸುತ್ತದೆ.

ಪೆಟ್ರೋಲಿನ ಸ್ವಭಾವವೇ ಬೇರೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಿನ ಯಾವ ಚಳಿಯಲ್ಲೂ ಅದಕ್ಕೆ ಬಿಡುವಿಲ್ಲ. ಸುರಿದ ಕ್ಷಣದಿಂದಲೇ ಆವಿ ಏಳುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಕಣ್ಣಿಗೆ ಕಾಣದಂತೆ ನೆಲ ಹಿಡಿದು ಹರಡುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಸಾಕು, ಒಂದು ಕಿಡಿಗೆ ಕಾದಿರುತ್ತದೆ. ಅಂದು ಆ ಆವಿ ಹುಡುಗನ ಕೈಯ ಬತ್ತಿಯನ್ನು ಹುಡುಕಿಕೊಂಡು ಹೋಯಿತು. ಉರಿ ಅದೇ ದಾರಿ ಹಿಡಿದು ಮರಳಿ ಸೌದೆಗೆ ಬಂತು.

ಸೀಮೆಎಣ್ಣೆ ಸುಮಾರು 40 ಡಿಗ್ರಿಯ ಆಸುಪಾಸಿಗೆ ಕಾಯದೆ ಅಷ್ಟು ಆವಿ ಬಿಡುವುದಿಲ್ಲ. ಆದ್ದರಿಂದ ಅದನ್ನು ದೀಪಕ್ಕೂ ಸ್ಟವ್ವಿಗೂ ಬಳಸುವಂತಾಯಿತು. ಹಾಗೆಂದು ಅದನ್ನು ಉರಿಯುವ ಒಲೆಗೆ ಸುರಿದರೆ ಬಿಸಿ ಕೆಂಡದ ಮೇಲೆ ಅದೂ ಕ್ಷಣದಲ್ಲಿ ಆವಿಯಾಗಿ ಭಗ್ಗೆನ್ನುತ್ತದೆ. ಸೀಮೆಎಣ್ಣೆಯಲ್ಲಿ ಸ್ವಲ್ಪ ಪೆಟ್ರೋಲ್ ಬೆರೆತಿದ್ದರಂತೂ ಸ್ಟವ್ ಸಿಡಿದು ಸಂಸಾರಗಳೇ ಹಾಳಾಗಿವೆ. ಆದ್ದರಿಂದ ಒಲೆಗಾಗಲಿ, ಕಸದ ರಾಶಿಗಾಗಲಿ, ಕ್ಯಾಂಪ್ ಫೈರಿಗಾಗಲಿ ಪೆಟ್ರೋಲ್ ಬೇಡವೇ ಬೇಡ. ಇದನ್ನು ನಾವು ತಪ್ಪಿತಸ್ಥರಾಗಿ ಹೇಳುತ್ತಿದ್ದೇವೆ.

ಕಾಣದ ಗಾಳಿ

ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಅದು 15-16 ಪಾಲಿಗೆ ಇಳಿದರೆ ಮೇಣದ ಬತ್ತಿ ಆರುತ್ತದೆ. ಈ ಅನಿಲವನ್ನು ಬೇರ್ಪಡಿಸಿ, ಅದರಲ್ಲಿ ಬತ್ತಿ ಧಗಧಗನೆ ಉರಿಯುವುದನ್ನು 1774ರಲ್ಲಿ ಕಂಡವರಲ್ಲಿ ಒಬ್ಬರು ಜೋಸೆಫ್ ಪ್ರೀಸ್ಟ್ಲಿ. ಅವರು ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಬೋಧಕರು. ಉರಿಯುವುದೆಂದರೆ ಆಮ್ಲಜನಕದೊಂದಿಗೆ ಕೂಡುವುದು ಎಂದು ಅದರ ಅರ್ಥ ಬಿಡಿಸಿ ಹೇಳಿದವರು ಫ್ರಾನ್ಸಿನ ಲವಾಸಿಯೆ.

ನಮ್ಮ ಪೀಠಸೇವಕರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ಧೂಪದಾನಿಯನ್ನು ತೂಗಿದಷ್ಟೂ ಇದ್ದಿಲು ಕೆಂಪಗಾಗುತ್ತದೆ, ಮುಚ್ಚಳ ಮುಚ್ಚಿ ಸುಮ್ಮನೆ ಇಟ್ಟರೆ ಮಂಕಾಗುತ್ತದೆ. ಅಮ್ಮ ಊದುಗೊಳವೆಯಲ್ಲಿ ಊದುವುದೂ ಇದೇ ಕಾರಣಕ್ಕೆ.

ಆದರೆ ಇದ್ದಿಲಿಗೆ ಗಾಳಿ ಸಾಲದೆ ಹೋದಾಗ ಒಂದು ದೊಡ್ಡ ಅಪಾಯವಿದೆ. ಬೆಟ್ಟದ ಮೇಲಿನ ನಮ್ಮ ಕುಟುಂಬಗಳು ಇದನ್ನು ಮರೆಯಬಾರದು. ಅರೆಬರೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದಿಂದ ಹೊಗೆ ಬರುತ್ತಿಲ್ಲ ಎಂದು ನಾವು ಧೈರ್ಯವಾಗಿರುತ್ತೇವೆ. ನಮ್ಮ ರಕ್ತ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಇಲ್ಲದ ನಿದ್ದೆ. ನೀಲಗಿರಿ, ಕೊಡೈಕನಾಲಿನಂಥ ಚಳಿಯೂರುಗಳಲ್ಲಿ ಬಾಗಿಲು ಕಿಟಕಿ ಭದ್ರಪಡಿಸಿ, ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಬಾಣಂತಿ ಮತ್ತು ಮಗುವಿನ ಕೋಣೆಗೆ ಕೆಂಡ ಇಡುವ ರೂಢಿ ಇರುವ ಮನೆಗಳು ದಯವಿಟ್ಟು ಗಮನಿಸಿ. ಮಲಗುವ ಕೋಣೆಗೆ ಕೆಂಡ ಬೇಡ. ಇನ್ನೊಂದು ಕಂಬಳಿ ಹೊದಿಸಿ.

ಅಡಿಗೆಮನೆಯ ಗ್ಯಾಸ್

ಸೌದೆಯ ಹೊಗೆಯಿಂದ ತಾಯಂದಿರ ಕಣ್ಣು, ಎದೆಗೆ ಬಿಡುಗಡೆ ಕೊಟ್ಟದ್ದು ಗ್ಯಾಸ್ ಒಲೆ. ಅದನ್ನು ಬೈಯಬೇಕಾಗಿಲ್ಲ, ಅದರ ಸ್ವಭಾವ ತಿಳಿದಿರಬೇಕು ಅಷ್ಟೇ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವನ್ನು ಒತ್ತಡದಿಂದ ದ್ರವವಾಗಿಸಿ ತುಂಬಿರುತ್ತಾರೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಅದು ಆಗಲೇ ಅನಿಲವಾಗಿರುವುದರಿಂದ ಕಾಯಿಸುವ ಕೆಲಸವೂ ಇಲ್ಲ. ಇಂಧನ ಸಿದ್ಧ, ಗಾಳಿ ಸಿದ್ಧ, ಕಿಡಿಯೊಂದೇ ಬಾಕಿ. ಅನಿಲಕ್ಕೆ ಸ್ವಂತ ವಾಸನೆ ಇಲ್ಲದ ಕಾರಣ, ಸೋರಿದರೆ ಗೊತ್ತಾಗಲೆಂದು ಕೊಳೆತ ಕೋಸಿನಂಥ ವಾಸನೆಯ ವಸ್ತುವನ್ನು ಬೇಕೆಂದೇ ಸೇರಿಸಿರುತ್ತಾರೆ.

ಆ ವಾಸನೆ ಬಂದಾಗ ಕತ್ತಲಿದ್ದರೆ ನಮ್ಮ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತದೆ. ಅದೇ ಅಪಾಯ. ಸ್ವಿಚ್ ಹಾಕಿದರೂ ಆರಿಸಿದರೂ ಒಳಗೆ ಒಂದು ಸಣ್ಣ ಕಿಡಿ ಹಾರುತ್ತದೆ. ಅಷ್ಟು ಕಾವು ಸಾಕು. ಸ್ವಿಚ್ ಮುಟ್ಟದೆ, ಕಡ್ಡಿ ಗೀರದೆ, ರೆಗ್ಯುಲೇಟರ್ ಮುಚ್ಚಿ ಬಾಗಿಲು ಕಿಟಕಿ ತೆರೆಯಿರಿ. ಈ ಅನಿಲವೂ ಗಾಳಿಗಿಂತ ಭಾರ, ನೆಲದ ಮೇಲೇ ನಿಲ್ಲುತ್ತದೆ. ಆದ್ದರಿಂದ ಕಿಟಕಿ ಮಾತ್ರ ಸಾಲದು, ಬಾಗಿಲು ತೆರೆಯಲೇಬೇಕು. ಮನೆಮಂದಿಯೆಲ್ಲ ಹೊರಗೆ ಬಂದು, ಹೊರಗಿನಿಂದಲೇ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ಸಂಖ್ಯೆ ಅದು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಕಾದ ಎಣ್ಣೆಯಡಿ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎಸೆಯುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆಯೊಂದನ್ನು ಬದಿಯಿಂದ ಸರಿಸಿ ಬಾಣಲೆ ಮುಚ್ಚಿ. ಗಾಳಿ ತಪ್ಪಿ ಬೆಂಕಿ ಸಾಯುತ್ತದೆ. ತಣ್ಣಗಾಗುವವರೆಗೆ ತಟ್ಟೆ ತೆಗೆಯಬೇಡಿ. ಕಾವು ಇನ್ನೂ ಇದ್ದರೆ ಗಾಳಿ ಸಿಕ್ಕೊಡನೆ ಮತ್ತೆ ಹತ್ತಿಕೊಳ್ಳುತ್ತದೆ.

ಅಜ್ಜಿಯ ಕಂಬಳಿ

ಸೆರಗಿಗೋ ಅಂಗಿಗೋ ಬೆಂಕಿ ಹತ್ತಿದರೆ ಓಡಬೇಕೆನಿಸುವುದು ಸಹಜ. ಓಡಿದರೆ ಬೆಂಕಿಗೆ ಗಾಳಿ ಹಾಕಿದಂತೆ. ನಿಂತಲ್ಲೇ ನಿಂತು, ನೆಲಕ್ಕೆ ಬಿದ್ದು, ಕೈಯಿಂದ ಮುಖ ಮುಚ್ಚಿಕೊಂಡು ಹೊರಳಬೇಕು. ಜೊತೆಯಲ್ಲಿದ್ದವರು ಕಂಬಳಿ ಅಥವಾ ದಪ್ಪ ಹತ್ತಿಯ ಜಮಖಾನ ಸುತ್ತಬೇಕು. ನೈಲಾನ್, ಪಾಲಿಯೆಸ್ಟರ್ ಹೊದಿಕೆ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಕುರಿಯ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಹೊತ್ತಿದರೂ ಕರಿಕಟ್ಟಿ ತಾನೇ ಆರುತ್ತದೆ. ಆ ರಾತ್ರಿ ಅಜ್ಜಿಯನ್ನು ಕೇಳಿದೆವು, “ಅಮ್ಮಾ, ಇದನ್ನು ಎಲ್ಲಿ ಕಲಿತಿರಿ?” ಎಂದು. “ಎಲ್ಲಿ ಕಲಿಯೋದು ಸ್ವಾಮಿ, ನಮ್ಮತ್ತೆ ಸೀರೆಗೆ ಹತ್ತಿದಾಗ ನಮ್ಮ ಮಾವ ಹಿಂಗೇ ಮಾಡಿದ್ದರು” ಎಂದರು.

ಉರಿ ಆರಿದ ಮೇಲೆ ಯಾರೋ ಓಡಿಹೋಗಿ ಟೂತ್‌ಪೇಸ್ಟ್ ತಂದರು. ಸುಟ್ಟ ಗಾಯಕ್ಕೆ ಪೇಸ್ಟ್, ಇಂಕು, ಬೆಣ್ಣೆ, ಮಂಜುಗಡ್ಡೆ ಯಾವುದೂ ಕೂಡದು. ಚರ್ಮದೊಳಗೆ ಇಳಿದ ಕಾವು ಉರಿ ಆರಿದ ಮೇಲೂ ಸುಡುತ್ತಿರುತ್ತದೆ, ಅದನ್ನು ಹೊರಗೆ ತೆಗೆಯಬೇಕು. ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಯಬಿಡಿ. ಬಳೆ, ಉಂಗುರ ಬೇಗ ತೆಗೆಯಿರಿ. ಅಂಟಿದ ಬಟ್ಟೆಯನ್ನು ಕೀಳಬೇಡಿ. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಕಾಡು ಮತ್ತು ಚಾವಣಿ

ನಮ್ಮ ಸೀಮೆಯಲ್ಲಿ ಬೇಸಿಗೆ ಬಂದರೆ ಕಾಡಿನ ಬೆಂಕಿಯ ಚಿಂತೆ. ಒಣ ಹುಲ್ಲು, ತರಗೆಲೆ, ಲಂಟಾನ ಪೊದೆ ಎಲ್ಲವೂ ಅಜ್ಜಿಯ ಪುಳ್ಳೆಯಂತೆಯೇ ತೆಳುವಾದ ಇಂಧನ. ಗುಡ್ಡದ ಕೆಳಗೆ ಹತ್ತಿದ ಉರಿ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸುತ್ತದೆ. ಹಾಗಾಗಿ ಬೆಂಕಿ ಇಳಿಜಾರಿಗಿಂತ ಏರಿನಲ್ಲಿ ವೇಗವಾಗಿ ಓಡುತ್ತದೆ. 2018ರ ಮಾರ್ಚಿನಲ್ಲಿ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದ 20ಕ್ಕೂ ಹೆಚ್ಚು ಮಂದಿ ಕಾಳ್ಗಿಚ್ಚಿಗೆ ಬಲಿಯಾದರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸುಟ್ಟದ್ದು ನಿಮಗೆ ನೆನಪಿರಬಹುದು. ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಹುಲ್ಲು ಸವರಿ, ಪಟ್ಟಿಯಾಗಿ ಸುಟ್ಟು ಬೆಂಕಿ ರೇಖೆ ಮಾಡುವುದು ಇಂಧನವೆಂಬ ಕಲ್ಲನ್ನು ಸರಿಸುವ ಕೆಲಸ. ಬೀಡಿಯ ತುಂಡು ಎಸೆಯದಿರುವುದು, ದನ ಮೇಯಿಸುವಾಗ ಬೆಂಕಿ ಮಾಡದಿರುವುದು ನಮ್ಮ ಪಾಲಿನ ಕೆಲಸ.

2004ರ ಜುಲೈ 16 ಕಾರ್ಮೆಲ್ ಮಾತೆಯ ಹಬ್ಬದ ದಿನ. ಅಂದು ಕುಂಭಕೋಣಂನ ಶಾಲೆಯೊಂದರ ಅಡಿಗೆಕೋಣೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಒಣಗಿದ ತೆಳು ಗರಿ, ಮೇಲೂ ಕೆಳಗೂ ಗಾಳಿ, ಪಕ್ಕದಲ್ಲೇ ಒಲೆ, ಇಳಿದು ಓಡಲು ಕಿರಿದಾದ ಮೆಟ್ಟಿಲು. ಮೂರು ಕಲ್ಲೂ ಅಲ್ಲಿ ಮೊದಲೇ ಕೂಡಿದ್ದವು. ಯಾರೂ ನೋಡಲಿಲ್ಲ, ಅಥವಾ ನೋಡಿಯೂ ಸುಮ್ಮನಿದ್ದರು. ನಮ್ಮ ಉಪದೇಶ ತರಗತಿಯ ಕೊಠಡಿ, ಹಬ್ಬದ ಚಪ್ಪರ, ಕ್ರಿಸ್ಮಸ್ ಗೋದಲಿಯ ಒಣ ಹುಲ್ಲು ಮತ್ತು ಅದರ ಮೇಲಿನ ಸೀರಿಯಲ್ ದೀಪ, ಇವನ್ನೆಲ್ಲ ಈ ಕಣ್ಣಿನಿಂದ ಒಮ್ಮೆ ನೋಡಬೇಕು. ಪಾಲನಾ ಸಮಿತಿಯ ಸಭೆಯಲ್ಲಿ ಹಬ್ಬದ ಊಟದ ಲೆಕ್ಕದ ಜೊತೆಗೆ ಇದಕ್ಕೂ ಹತ್ತು ನಿಮಿಷ ಇಟ್ಟರೆ ತಪ್ಪೇನೂ ಇಲ್ಲ.

ಎರಡನೆಯ ಬೆಂಕಿ

ಸಂತ ಯೊವಾನ್ನರ ಶುಭಸಂದೇಶದಲ್ಲಿ ಇದ್ದಿಲಿನ ಬೆಂಕಿ ಎರಡು ಕಡೆ ಬರುತ್ತದೆ. ಮೊದಲನೆಯದು ಪ್ರಧಾನಯಾಜಕನ ಅಂಗಳದಲ್ಲಿ. ಚಳಿ ಕಾಯಿಸುತ್ತಾ ನಿಂತ ಪೇತ್ರ ಅಲ್ಲೇ ತನ್ನ ಗುರುವನ್ನು ಅರಿಯೆನೆಂದ. ಎರಡನೆಯದು ಸರೋವರದ ದಡದಲ್ಲಿ. ಪುನರುತ್ಥಾನರಾದ ಪ್ರಭು ಕೆಂಡದ ಮೇಲೆ ಮೀನು ಸಿದ್ಧಪಡಿಸಿ ಶಿಷ್ಯರನ್ನು ಊಟಕ್ಕೆ ಕರೆದರು, ಆಮೇಲೆ ಪೇತ್ರನಿಗೆ ಮತ್ತೆ ಕುರಿಮಂದೆಯನ್ನು ಒಪ್ಪಿಸಿದರು. ಮೊದಲ ಬೆಂಕಿಯ ಬಳಿ ಎಡವಿದವನಿಗೆ ಎರಡನೆಯ ಬೆಂಕಿಯ ಬಳಿ ಮತ್ತೊಂದು ಅವಕಾಶ. ಆ ರಾತ್ರಿಯ ನಂತರ ಈ ವಾಕ್ಯವನ್ನು ನಾವು ಎಷ್ಟು ಸಲ ಧ್ಯಾನಿಸಿದೆವೋ ಲೆಕ್ಕವಿಲ್ಲ.

ಮರುವರ್ಷ ಪಾಸ್ಖ ಜಾಗರಣೆಗೆ ಬೆಂಕಿ ಒಟ್ಟುವ ಕೆಲಸವನ್ನು ಅಜ್ಜಿಗೇ ಬಿಟ್ಟೆವು. ಅವರು ವಾರ ಮೊದಲೇ ಸೌದೆ ತಂದು ಸೂರಿನಡಿ ಒಣಗಿಸಿದರು. ಶನಿವಾರ ರಾತ್ರಿ ನಾರು, ಪುಳ್ಳೆ, ಸೀಳು, ಕೊರಡು ಎಂದು ಒಂದರ ಮೇಲೊಂದು, ನಡುವೆ ಗಾಳಿಯಾಡುವಂತೆ ಇಟ್ಟರು. ಪಕ್ಕದಲ್ಲಿ ಎರಡು ಕೊಡ ನೀರು, ಒಂದು ಒದ್ದೆ ಗೋಣಿ. ಜನರನ್ನು ಹತ್ತು ಅಡಿ ದೂರ ನಿಲ್ಲಿಸಿದೆವು. ಒಂದೇ ಕಡ್ಡಿಗೆ ಬೆಂಕಿ ಹತ್ತಿತು.

ಕೈಯಲ್ಲಿ ಕಲೆಯಿದ್ದ ಆ ಹುಡುಗ ಬರುತ್ತಾನೋ ಇಲ್ಲವೋ ಎಂಬ ಅಳುಕು ನಮಗಿತ್ತು. ಬಂದ. ಬೆಂಕಿ ಆಶೀರ್ವದಿಸಿದ ಮೇಲೆ ಸಣ್ಣ ಬತ್ತಿಯಲ್ಲಿ ಉರಿ ತೆಗೆದು ನಮ್ಮ ಕೈಗೆ ಕೊಟ್ಟವನು ಅವನೇ. ಅದರಿಂದ ಪಾಸ್ಖ ಮೇಣದ ಬತ್ತಿ ಬೆಳಗಿತು. ಅದರಿಂದ ಒಬ್ಬರ ಬತ್ತಿಗೆ, ಅವರಿಂದ ಇನ್ನೊಬ್ಬರ ಬತ್ತಿಗೆ ಬೆಳಕು ದಾಟಿ ದೇವಾಲಯವೆಲ್ಲ ತುಂಬಿತು.

ಈ ಲೇಖನ ಓದಿದ ಮೇಲೆ ಒಂದು ಕೆಲಸ ಮಾಡಿ. ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ನಂತರ ಮನೆಮಂದಿಯೆಲ್ಲ ಒಮ್ಮೆ ಅಡಿಗೆಮನೆಗೆ ಹೋಗಿ. ಗ್ಯಾಸಿನ ಟ್ಯೂಬಿನ ಮೇಲೆ ಅಚ್ಚಾಗಿರುವ ವರ್ಷ ನೋಡಿ, ಐದು ವರ್ಷ ದಾಟಿದ್ದರೆ ಬದಲಾಯಿಸಿ. ಒಲೆಯ ಬಳಿ ಪ್ಲಾಸ್ಟಿಕ್ ಚೀಲ, ಸೀಮೆಎಣ್ಣೆ ಡಬ್ಬಿ ಇದ್ದರೆ ದೂರ ಇಡಿ. ರೆಗ್ಯುಲೇಟರ್ ಮುಚ್ಚುವುದನ್ನು ದೊಡ್ಡ ಮಕ್ಕಳಿಗೂ ಕಲಿಸಿ. ದೇವರ ಪಟದ ಮುಂದಿನ ಬತ್ತಿಯನ್ನು ಆರಿಸಿಯೇ ಮಲಗಿ. ಮನೆಯಲ್ಲಿ ಒಂದು ಹಳೆಯ ಕಂಬಳಿ ಇದ್ದರೆ ಅದನ್ನು ಕೈಗೆ ಸಿಗುವ ಕಡೆ ಇಡಿ.

ಪ್ರಭು ನಿಮ್ಮ ಮನೆಯ ಒಲೆಯನ್ನೂ ಮನೆಮಂದಿಯನ್ನೂ ಕಾಪಾಡಲಿ.